ನಾಳೆ ಬೆಳಿಗ್ಗೆ ಸಬ್ಮಿಷನ್ ಅಂತೆ

ಟೆಲಿಗ್ರಾಂ ಗ್ರೂಪಿನಲ್ಲಿ ಯಾವುದೋ ಹುಡುಗ ಅಸೈನ್‌ಮೆಂಟಿನ ಫೋಟೋ ಹಾಕಿದ್ದ. ವಾರೆಯಾಗಿ ತೆಗೆದದ್ದು, ಅರ್ಧ ನೆರಳು. ಕೆಳಗೆ ಒಂದೇ ಸಾಲು: 'ಅರ್ಜೆಂಟ್ ಸರ್, ಆನ್ಸರ್ ಪ್ಲೀಸ್.'

192.168.10.0/24 ಅನ್ನೋ 256 ಅಡ್ರೆಸ್ಸಿನ ನೆಟ್‌ವರ್ಕನ್ನು ನಾಲ್ಕು ಸಮ ಸಬ್‌ನೆಟ್, ಅಂದರೆ ಚಿಕ್ಕ ನೆಟ್‌ವರ್ಕ್, ಮಾಡಬೇಕು. ಉತ್ತರ ಹಾಕಲಿಲ್ಲ. 'ಎಲ್ಲಿವರೆಗೆ ಮಾಡಿದ್ದೀಯಪ್ಪ?' ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನೋಟ್‌ಬುಕ್ಕಿನ ಪುಟ ಬಂತು. ಸಬ್‌ನೆಟ್ಟಿನ ಗಾತ್ರ ಹೇಳುವ ಮಾಸ್ಕ್ 255.255.255.192, ಸರಿ. ಒಂದೊಂದರಲ್ಲಿ 64 ಅಡ್ರೆಸ್, ಅದೂ ಸರಿ. ಆದರೆ ಅಷ್ಟನ್ನೂ ಕಂಪ್ಯೂಟರ್‌ಗಳಿಗೆ ಹಂಚಿಬಿಟ್ಟಿದ್ದ! ಮೊದಲನೆಯದು ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ, ಅಂದರೆ ಎಲ್ಲರಿಗೂ ಒಟ್ಟಿಗೆ ಕಳಿಸಲು. ಉಳಿಯುವುದು 62.

ಇಷ್ಟು ಮಾಡಿದವನು ಆ ಪುಟವನ್ನೇ ಮೊದಲು ಹಾಕಬಹುದಿತ್ತು. ಏನೂ ಗೊತ್ತಿಲ್ಲ ಅನ್ನಲು ಸಂಕೋಚವಿಲ್ಲ, ಅರ್ಧ ಗೊತ್ತು ಅನ್ನಲು ಜಾಸ್ತಿ ಸಂಕೋಚ. ವಿಚಿತ್ರ ಅಲ್ವಾ?

'ಹಾಗಾದ್ರೆ /30 ಅಂದ್ರೆ ಎರಡೇನಾ ಸರ್?' ಅಂದ.

ಎರಡೇ. /30 ಅಂದರೆ ನಾಲ್ಕೇ ಅಡ್ರೆಸ್ಸಿನ ಸಬ್‌ನೆಟ್, ಅದರಲ್ಲೂ ಎರಡು ಹೋಯ್ತು. ಎರಡು ರೂಟರ್ ನಡುವಿನ ಲಿಂಕಿಗೆ ಅಷ್ಟು ಸಾಕು ಮಾರಾಯ.