ಇಲಿಗೆ ಇಳಿದ ಸಕ್ಕರೆ

ರಾಯಚೂರಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಹಾಗಲಕಾಯಿ ರಸ ಕುಡಿಯುವ ಹಿರಿಯರು, ಸಕ್ಕರೆ ಕಾಯಿಲೆಗೆ ಅದರ ಗುಣ ಸಂಶೋಧನೆಯಲ್ಲಿ ಸಾಬೀತಾಗಿದೆ ಎನ್ನುವಾಗ, ಅಂಥ ಎಷ್ಟೋ ಪ್ರಯೋಗಗಳು ಇಲಿಗಳ ಮೇಲೆ ನಡೆದವೆಂಬ ಮಾತು ಬಿಟ್ಟುಹೋಗುತ್ತದೆ. ಅಲ್ಲಿ ಸಾಮಾನ್ಯವಾಗಿ ಸ್ಟ್ರೆಪ್ಟೊಜೋಟೊಸಿನ್ ಅಥವಾ ಅಲಾಕ್ಸಾನ್ ಎಂಬ ರಾಸಾಯನಿಕ ಚುಚ್ಚಿ, ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳನ್ನು ನಾಶಪಡಿಸಿ, ಬಳಿಕ ಸಸ್ಯಸಾರ ಕುಡಿಸಿ ರಕ್ತದ ಗ್ಲುಕೋಸ್, ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್‌ಗಳನ್ನು ಅಳೆಯುತ್ತಾರೆ. ನಮ್ಮ ಹಿರಿಯರಲ್ಲಿ ಹೆಚ್ಚಾಗಿ ಕಾಣುವ, ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಕಾಯಿಲೆಯ ಬಗೆಯೇ ಬೇರೆ. ಪ್ರಮಾಣದ ಲೆಕ್ಕವೂ ನೇರವಲ್ಲ: ಇಲಿಗೆ ಕೆ.ಜಿ. ತೂಕಕ್ಕೆ 200 ಮಿ.ಗ್ರಾಂ. ಕೊಟ್ಟಿದ್ದರೆ, ದೇಹದ ಮೇಲ್ಮೈ ಆಧರಿಸಿದ ರೂಢಿಯ ಸೂತ್ರದಂತೆ 6.2ರಿಂದ ಭಾಗಿಸಬೇಕು, 60 ಕೆ.ಜಿ. ತೂಕದವರಿಗೆ ಅದು ಸುಮಾರು 1.9 ಗ್ರಾಂ ಸಾಂದ್ರ ಸಾರ. ಅದು ಎಷ್ಟು ಲೋಟ ರಸಕ್ಕೆ ಸಮವೆಂದು ಯಾವ ಮಿಕ್ಸಿಯೂ ಹೇಳದು. ರಸವನ್ನು ನಾನು ಹಳಿಯುತ್ತಿಲ್ಲ. ಆದರೆ ಮಾತ್ರೆ ನುಂಗುವವರು ಜೊತೆಗೆ ಇದನ್ನೂ ಕುಡಿದರೆ ಸಕ್ಕರೆ ತೀರಾ ಕುಸಿಯುವ ಸಾಧ್ಯತೆಯಿದೆ, ವೈದ್ಯರಿಗೆ ತಿಳಿಸಿರಬೇಕು.