ಹಳೇ ಪಿಕಪ್ಪಿಗೆ ಟ್ಯೂನಪ್: ಪಂಪಿಗೆ ಕೈ ಹಾಕೋಕೆ ಮುಂಚೆ ಇಷ್ಟು ನೋಡಿ

ಸೆಕೆಂಡ್ ಹ್ಯಾಂಡ್ ಪಿಕಪ್ ಇಟ್ಕೊಂಡಿರೋರ ಕಂಪ್ಲೇಂಟು ಹೆಚ್ಚುಕಮ್ಮಿ ಒಂದೇ, ಲೋಡ್ ಹಾಕಿದ್ರೆ ಎಳೀತಿಲ್ಲ, ಕಪ್ಪು ಹೊಗೆ, ಮೈಲೇಜ್ ಬಿದ್ದೋಯ್ತು. ಅದಕ್ಕೆ ಟೀ ಅಂಗಡಿ ಹತ್ರ ಸಿಗೋ ಉತ್ತರಾನೂ ಒಂದೇ, ಡೀಸೆಲ್ ಪಂಪ್ ಬಿಚ್ಸು ಗುರೂ, ಡೀಸೆಲ್ ಸ್ವಲ್ಪ ಜಾಸ್ತಿ ಮಾಡ್ಸು. ನಾನು ಈ ಮಾತಿಗೆ ಪೂರ್ತಿ ವಿರುದ್ಧ. ಹಳೇ ಡೀಸೆಲ್ ಗಾಡೀಲಿ ಪಂಪು, ಇಂಜೆಕ್ಟರು (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋ ಭಾಗ) ಕಡೇಗೆ ಮುಟ್ಟೋ ಐಟಮ್ಮು. ಅದಕ್ಕೂ ಮುಂಚೆ ಗಾಳಿ ಸರಿಯಾಗಿ ಹೋಗ್ತಿದ್ಯಾ, ಡೀಸೆಲ್ ಕ್ಲೀನಾಗಿದ್ಯಾ, ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ಮಧ್ಯ ಬಿಡೋ ಸಣ್ಣ ಗ್ಯಾಪು) ಹೆಂಗಿದೆ ಅಂತ ನೋಡ್ಬೇಕು, ಎಷ್ಟೋ ಗಾಡಿಗಳು ಅಲ್ಲೇ ಸರಿಹೋಗ್ತವೆ.

ನಮ್ದು 2012 ಮಾಡೆಲ್ ಬೊಲೆರೋ ಪಿಕಪ್ಪು, 2523 ಸಿಸಿ, ನಾಲ್ಕು ಸಿಲಿಂಡರ್ ಟರ್ಬೋ ಡೀಸೆಲ್. ವರ್ಷ ಪೂರ್ತಿ ಕೋಲಾರ ಎಪಿಎಂಸಿಗೆ ಟೊಮೇಟೋ, ಬೇಸಿಗೇಲಿ ಶ್ರೀನಿವಾಸಪುರ ಮಂಡಿಗೆ ಮಾವು, ಇದೇ ಅದರ ಕೆಲಸ. ಕೈಯಿಂದ ಕೈಗೆ ಬಂದ ಗಾಡಿ, ಸರ್ವೀಸ್ ಬುಕ್ ಅನ್ನೋದೇ ಇಲ್ಲ, ಮೀಟರ್ ಕೇಬಲ್ ಬೇರೆ ಕಟ್ಟಾಗಿತ್ತು. ಇಂಥ ಗಾಡಿಗೆ ಕಿಲೋಮೀಟರ್ ನೋಡಿ ಸರ್ವೀಸ್ ಮಾಡ್ಸೋಕಾಗಲ್ಲ, ಹಳೇ ಓನರ್ ಮಾತು ನಂಬ್ಕೊಂಡೂ ಕೂರೋಕಾಗಲ್ಲ. ಇಂಜಿನ್ ಆಯಿಲ್ಲು, ಗೇರ್ ಆಯಿಲ್ಲು, ಹೌಸಿಂಗ್ (ಹಿಂದಿನ ಆಕ್ಸಲ್) ಆಯಿಲ್ಲು, ಬ್ರೇಕ್ ಆಯಿಲ್ಲು, ಕೂಲೆಂಟು, ಮೂರೂ ಫಿಲ್ಟರ್ರು, ಎಲ್ಲಾನೂ ಒಂದೇ ಸಲಕ್ಕೆ ಚೇಂಜ್ ಮಾಡ್ಸಿ, ತಾರೀಖು ಡೋರ್ ಒಳಗಡೆ ಮಾರ್ಕರಲ್ಲಿ ಬರ್ದಿಟ್ಟು ಅಲ್ಲಿಂದ ಲೆಕ್ಕ ಶುರು ಮಾಡ್ಬೇಕು. ಖರ್ಚು ಆಗುತ್ತೆ ನಿಜ, ಆದ್ರೆ ಮುಂದೆ ಏನಾದ್ರೂ ತೊಂದ್ರೆ ಬಂದಾಗ ಹಳೇ ಆಯಿಲ್ ಇರ್ಬೋದಾ, ಹಳೇ ಫಿಲ್ಟರ್ ಇರ್ಬೋದಾ ಅನ್ನೋ ಅನುಮಾನಗಳೆಲ್ಲ ಒಂದೇ ಏಟಿಗೆ ಹೋಗ್ತವೆ.

ಮೊದಲು ಗಾಳಿ. ಪೆಟ್ರೋಲ್ ಗಾಡಿಗೆ ಟ್ಯೂನಪ್ ಅಂದ್ರೆ ಪ್ಲಗ್ಗು, ಕಾರ್ಬುರೇಟರ್ರು ಅಂತಿದ್ವಿ, ಡೀಸೆಲಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಗಾಳಿನ ಒತ್ತಿ ಒತ್ತಿ ಬಿಸಿ ಮಾಡಿ ಅದರಲ್ಲೇ ಡೀಸೆಲ್ ಉರಿಯೋದು. ಗಾಳಿ ಕಮ್ಮಿ ಆದ್ರೆ ಡೀಸೆಲ್ ಪೂರ್ತಿ ಉರಿಯಲ್ಲ, ಅದೇ ಕಪ್ಪು ಹೊಗೆಯಾಗಿ ಸೈಲೆನ್ಸರಲ್ಲಿ ಬರುತ್ತೆ. ಅಂಥ ಗಾಡಿಗೆ ಇನ್ನೂ ಡೀಸೆಲ್ ಜಾಸ್ತಿ ಮಾಡ್ಸಿದ್ರೆ ಹೊಗೆ ಜಾಸ್ತಿ ಆಗದೆ ಇನ್ನೇನಾಗುತ್ತೆ ಹೇಳಿ. ಏರ್ ಫಿಲ್ಟರ್ ತೆಗ್ದು ಬಿಸಿಲಿಗೆ ಹಿಡಿದು ನೋಡಿ, ಪೇಪರ್ ಮಡಿಕೆಗಳ ಮಧ್ಯ ಬೆಳಕು ಕಾಣಲಿಲ್ಲ ಅಂದ್ರೆ ಹೊಸದು ಹಾಕಿ. ಪೇಪರ್ ಫಿಲ್ಟರ್ ನೀರಲ್ಲಿ ತೊಳೀಬೇಡಿ, ಕಂಪ್ರೆಸರ್ ಗಾಳಿ ಹೊಡೆಯೋದಾದ್ರೆ ಒಳಗಡೆಯಿಂದ ಹೊರಗಡೆಗೆ, ಅದೂ ದೂರದಿಂದ. ಇನ್ನೊಂದು ಜಾಗ ಯಾರೂ ನೋಡಲ್ಲ, ಫಿಲ್ಟರ್ ಬಾಕ್ಸಿಂದ ಟರ್ಬೋಗೆ ಹೋಗೋ ರಬ್ಬರ್ ಪೈಪು. ಅದರ ಕ್ಲಿಪ್ ಲೂಸಾಗಿದ್ರೆ, ಪೈಪು ಅಡಿಗಡೆ ಸೀಳಿದ್ರೆ, ಫಿಲ್ಟರ್ ಎಷ್ಟು ಹೊಸದಾದ್ರೂ ಪ್ರಯೋಜನ ಇಲ್ಲ, ತೋಟದ ಕೆಂಪು ಧೂಳು ಸೀದಾ ಇಂಜಿನ್ ಒಳಗೆ ಹೋಗಿ ಟರ್ಬೋ ಬ್ಲೇಡು, ಪಿಸ್ಟನ್ ರಿಂಗು ಎರಡನ್ನೂ ತಿನ್ನುತ್ತೆ. ಕೈ ಹಾಕಿ ಪೈಪಿನ ಸುತ್ತ ತಡವಿ ನೋಡಿದ್ರೆ ಗೊತ್ತಾಗುತ್ತೆ.

ಆಮೇಲೆ ಡೀಸೆಲ್. ಇದನ್ನ ಮನೇಲೇ ಮಾಡ್ಬೋದು. ಗಾಡಿ ರಾತ್ರಿ ನಿಂತಿದ್ದು ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಡೀಸೆಲ್ ಫಿಲ್ಟರ್ ಕೆಳಗಿರೋ ಡ್ರೈನ್ ಸ್ಕ್ರೂನ ನಿಧಾನಕ್ಕೆ ಲೂಸ್ ಮಾಡಿ ಅಡಿಗೆ ಒಂದು ಬಿಳೀ ಪ್ಲಾಸ್ಟಿಕ್ ಬಾಟಲ್ ಹಿಡೀರಿ. ಡೀಸೆಲ್ ನೀರಿಗಿಂತ ಹಗುರ, ಹಂಗಾಗಿ ಫಿಲ್ಟರಲ್ಲಿ ನೀರು ಸೇರಿದ್ರೆ ತಳದಲ್ಲಿ ಕೂತಿರುತ್ತೆ, ಮೊದ್ಲು ಬರೋದು ಅದೇ. ಬಾಟಲ್ ಐದು ನಿಮಿಷ ಅಲ್ಲಾಡಿಸ್ದೆ ಇಟ್ರೆ ಮಧ್ಯ ಗೆರೆ ಎಳೆದ ಹಾಗೆ ಬೇರೆ ಆಗುತ್ತೆ, ಕೆಳಗೆ ನೀರು, ಅದರಲ್ಲಿ ಟ್ಯಾಂಕಿನ ತುಕ್ಕು ಕಾಫಿ ಪುಡಿ ಥರ ಸಣ್ಣಗೆ, ಮೇಲೆ ಡೀಸೆಲ್. ಆ ತುಕ್ಕು ಕಂಡ್ರೆ ಫಿಲ್ಟರ್ ಒಂದು ಚೇಂಜ್ ಮಾಡಿ ಸುಮ್ನಾಗ್ಬೇಡಿ, ಟ್ಯಾಂಕ್ ಇಳಿಸಿ ತೊಳಿಸಿ, ಇಲ್ಲಾಂದ್ರೆ ಹೊಸ ಫಿಲ್ಟರ್ ಕೂಡ ಸ್ವಲ್ಪ ದಿನಕ್ಕೆ ಬ್ಲಾಕ್ ಆಗುತ್ತೆ. ಫಿಲ್ಟರ್ ಹಾಕಿದ ಮೇಲೆ ಏರ್ ತೆಗೀಬೇಕು, ಬ್ಲೀಡ್ ಸ್ಕ್ರೂ ಲೂಸ್ ಮಾಡಿ ಕೈ ಪಂಪ್ ಒತ್ತುತಾ ಇದ್ರೆ ಮೊದ್ಲು ನೊರೆ ಬರುತ್ತೆ, ನೊರೆ ನಿಂತು ಬರೀ ಡೀಸೆಲ್ ಬರೋವಾಗ ಸ್ಕ್ರೂ ಟೈಟ್ ಮಾಡಿ. ಇದು ಬಿಟ್ಟು ಸುಮ್ನೆ ಸೆಲ್ಫ್ ಹೊಡೀತಾ ಇದ್ರೆ ಬ್ಯಾಟ್ರಿ ಡೌನ್ ಆಗುತ್ತೆ ಅಷ್ಟೆ.

ಮೂರನೇದು ಟ್ಯಾಪೆಟ್ಟು. ಈ ಇಂಜಿನಲ್ಲಿ ಎಂಟು ವಾಲ್ವು, ಎಂಟಕ್ಕೂ ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಇಟ್ಟು ಸೆಟ್ ಮಾಡ್ಬೇಕು, ಇನ್ಲೆಟ್ಟಿಗೆ ಎಷ್ಟು, ಎಕ್ಸಾಸ್ಟಿಗೆ ಎಷ್ಟು ಅಂತ ಮ್ಯಾನ್ಯುಯಲಲ್ಲಿ ಇರೋದೇ ಇಡಿಸಿ, ಕಿವಿ ಅಂದಾಜಲ್ಲಿ ಬೇಡ. ಟಕ ಟಕ ಸೌಂಡ್ ಬಂದ್ರೆ ಮಾತ್ರ ಟ್ಯಾಪೆಟ್ ನೋಡಿಸ್ತಾರೆ ಜನ, ಆದ್ರೆ ಸೌಂಡ್ ಮಾಡೋ ಲೂಸ್ ಟ್ಯಾಪೆಟ್ಟಿಗಿಂತ ಸೌಂಡೇ ಇಲ್ದಿರೋ ಟೈಟ್ ಟ್ಯಾಪೆಟ್ಟು ಡೇಂಜರ್ರು. ಟೈಟ್ ಇದ್ರೆ ವಾಲ್ವು ಪೂರ್ತಿ ಕೂರಲ್ಲ, ಕಂಪ್ರೆಷನ್ ಲೀಕ್ ಆಗುತ್ತೆ, ಬೆಳಗ್ಗೆ ಸ್ಟಾರ್ಟಿಂಗ್ ಪ್ರಾಬ್ಲಮ್ಮು, ಲೋಡಲ್ಲಿ ಎಳೆತ ಇಲ್ಲ, ಕಡೇಗೆ ವಾಲ್ವೇ ಸುಟ್ಟು ಹೆಡ್ ಕೆಲಸಕ್ಕೆ ಬರುತ್ತೆ. ಮೇಲಿನ ಕವರ್ ಬಿಚ್ಚಿದ ಮೇಲೆ ಪ್ಯಾಕಿಂಗ್ ಹೊಸದೇ ಹಾಕಿಸಿ.

ಈ ಮೂರೂ ಆದಮೇಲೂ ಕಪ್ಪು ಹೊಗೆ ಹೋಗಿಲ್ಲ ಅಂದ್ರೆ ಆಗ ಇಂಜೆಕ್ಟರ್ ಬಿಚ್ಸಿ ಡೀಸೆಲ್ ಪಂಪ್ ವರ್ಕ್‌ಶಾಪಲ್ಲಿ ಟೆಸ್ಟಿಗೆ ಹಾಕ್ಸಿ. ನಾಝಲಿಂದ ಮಂಜು ಥರ ಸ್ಪ್ರೇ ಆಗ್ಬೇಕು, ತೊಟ್ಟಿಕ್ಕಬಾರ್ದು, ಟೆಸ್ಟ್ ಮಾಡೋವಾಗ ನೀವೂ ಅಲ್ಲೇ ಇದ್ದು ನೋಡಿ. ನಮ್ಮ ಕಡೆ ಹಳೇ ಡ್ರೈವರ್ರುಗಳು ಇವತ್ತಿಗೂ ಮೈಕೋ ಪಂಪು, ಮೈಕೋ ನಾಝಲ್ಲು ಅಂತಾನೇ ಕೇಳೋದು, 1951ರಲ್ಲಿ ಶುರುವಾದ ಆ ಮೈಕೋ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸ್ಕೊಂಡ್ರೂ ನಮ್ಮೋರ ಬಾಯಲ್ಲಿ ಬದಲಾಗಿಲ್ಲ, ಬೆಂಗಳೂರಿನ ಆಡುಗೋಡಿ ಫ್ಯಾಕ್ಟ್ರಿ ಮಾಲು ಅಂದ್ರೆ ಅಷ್ಟು ನಂಬಿಕೆ. ಅಂಥ ಪಂಪಿನ ಸೀಲ್ ಕಿತ್ತು ಸ್ಕ್ರೂ ತಿರುಗಿಸಿ ಎಳೆತ ಜಾಸ್ತಿ ಮಾಡ್ಕೊಡ್ತೀನಿ ಅನ್ನೋರ ಹತ್ರ ದಯವಿಟ್ಟು ಹೋಗ್ಬೇಡಿ.

ಕೂಲೆಂಟ್ ವಿಷಯ ಚಿಕ್ಕದಾಗಿ ಹೇಳ್ಬಿಡ್ತೀನಿ. ಕೋಲಾರ ಜಿಲ್ಲೆ ಬೋರ್ವೆಲ್ ನೀರು ಹೆಂಗಿದೆ ಅಂತ ಎಲ್ರಿಗೂ ಗೊತ್ತು, ಪಾತ್ರೆ ತಳದಲ್ಲಿ ಬಿಳೀ ಪದರ ಕಟ್ಟೋ ನೀರನ್ನ ರೇಡಿಯೇಟರಿಗೆ ಹುಯ್ಯಬೇಡಿ. ಕೂಲೆಂಟು, ಡಿಸ್ಟಿಲ್ಡ್ ವಾಟರ್ರು, ಅಷ್ಟೇ. ಇಂಜಿನ್ ಬಿಸಿ ಇದ್ದಾಗ ಕ್ಯಾಪ್ ತೆಗೀಬೇಡಿ. ಬೆಲ್ಟ್ ಸೀಳಿದ್ಯಾ ನೋಡ್ಕೊಳ್ಳಿ, ನಮ್ಮ ಗಾಡೀಲಿ ಬ್ರೇಕ್ ಹಗುರ ಮಾಡೋ ವ್ಯಾಕ್ಯೂಮ್ ಪಂಪು, ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಹಿಂದೇನೇ ಕೂತಿರೋದು, ಬೆಲ್ಟ್ ಕಟ್ಟಾದ್ರೆ ಚಾರ್ಜಿಂಗ್ ಒಂದೇ ಹೋಗಲ್ಲ, ಬ್ರೇಕ್ ಪೆಡಲ್ಲೂ ಕಲ್ಲಾಗುತ್ತೆ.

ಈಗ ಗ್ರೀಸು. ನನ್ನ ಪ್ರಕಾರ ಹಳೇ ಪಿಕಪ್ಪಿಗೆ ಅತಿ ಕಮ್ಮಿ ದುಡ್ಡಲ್ಲಿ ಸಿಗೋ ಆಯಸ್ಸು ಇದು, ಆದ್ರೆ ವಾಟರ್ ಸರ್ವೀಸ್ ಅಂಗಡೀಲಿ ಹುಡುಗ್ರು ಕೆಳಗೆ ಹೋಗಿ ಎರಡು ಕಡೆ ಗನ್ ಹೊಡ್ದು ಬಂದ್ಬಿಡ್ತಾರೆ, ನೀವೂ ಜೊತೆಗೆ ಬಗ್ಗಿ ನೋಡ್ಬೇಕು. ಗೇರ್ ಬಾಕ್ಸಿಂದ ಹಿಂದಿನ ಆಕ್ಸಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟಿನ ಒಂದೊಂದು ಕ್ರಾಸಿಗೂ (ಕೂಡಿಸೋ ಜಾಯಿಂಟು) ನಾಲ್ಕು ಬೇರಿಂಗ್ ಕಪ್ಪು ಇರುತ್ತೆ. ಗ್ರೀಸ್ ತುಂಬೋ ನಿಪ್ಪಲ್ಲನ್ನ ಬನಿಯನ್ ವೇಸ್ಟಲ್ಲಿ ಒರೆಸಿ ಗನ್ ಹಾಕಿದ್ರೆ ನಾಲ್ಕೂ ಕಪ್ಪಿನ ಸೀಲ್ ಅಂಚಿಂದ ಹಳೇ ಕರೀ ಗ್ರೀಸು ಹೊರಗೆ ಬಂದು, ಹಿಂದೇನೇ ಹೊಸದು ಕಾಣ್ಬೇಕು. ನಮ್ಮ ಮೇಸ್ತ್ರಿ ಚಿಂತಾಮಣೀಲಿ ಗಾಡಿ ಕೆಳಗೆ ಮಲಗಿಕೊಂಡೇ ಕೂಗಿ ಹೇಳಿದ್ದು, "ಮೂರು ಕಡೆ ಬಂತು, ಇನ್ನೊಂದು ಕಡೆ ಬರ್ತಿಲ್ಲಣ್ಣ, ಇದು ಡ್ರೈ ಇದೆ, ಬಿಚ್ಚಲೇಬೇಕು." ಬಿಚ್ಚಿದ್ರೆ ಆ ಒಂದು ಕಪ್ಪಲ್ಲಿ ಸೂಜಿ ಬೇರಿಂಗುಗಳೆಲ್ಲ ತುಕ್ಕು ಹಿಡಿದು ಪುಡಿ ಆಗಿತ್ತು, ಅದೇ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದೆ ಟಣ್ ಅಂತಿದ್ದಿದ್ದು. ಲೋಡಲ್ಲಿ ಓಡ್ತಾ ಇದ್ದಾಗ ಶಾಫ್ಟು ಕಳಚಿ ಬಿದ್ದಿದ್ರೆ ಏನು ಗತಿ ಅಂತ ಯೋಚ್ನೆ ಮಾಡಿ.

ಹಿಂದಿನ ಹೌಸಿಂಗ್ ಮೇಲೆ ಗಾಳಿ ಆಡೋಕೆ ಒಂದು ಸಣ್ಣ ಬ್ರೀದರ್ ಇರುತ್ತೆ, ಮಣ್ಣು ಮೆತ್ತಿಕೊಂಡು ಅದು ಮುಚ್ಚಿಹೋದ್ರೆ ಬಿಸಿಯಾದ ಹೌಸಿಂಗ್ ಒಳಗೆ ಪ್ರೆಶರ್ ಜಾಸ್ತಿಯಾಗಿ ಆಯಿಲ್ಲು ಆಕ್ಸಲ್ ಸೀಲ್ ದಾಟಿ ಬ್ರೇಕ್ ಡ್ರಮ್ಮಿಗೆ ಬರುತ್ತೆ. ಸೀಲ್ ಹಾಕಿಸ್ತಾನೇ ಇದೀನಿ, ಮತ್ತೆ ಲೀಕು ಅನ್ನೋರು ಮೊದ್ಲು ಬ್ರೀದರ್ ಕ್ಲೀನ್ ಮಾಡ್ಸಿ. ಆಯಿಲ್ ಕುಡಿದ ಬ್ರೇಕ್ ಶೂನ ಪೆಟ್ರೋಲಲ್ಲಿ ತೊಳೆದು ವಾಪಸ್ ಹಾಕೋದು ಬೇಡವೇ ಬೇಡ, ಬದಲಾಯಿಸಿ.

ಸ್ಪ್ರಿಂಗ್ ಪ್ಲೇಟುಗಳನ್ನೂ ನೋಡಿ, ಕಟ್ಟಾಗಿದ್ಯಾ, ಯು ಬೋಲ್ಟ್ ಲೂಸಿದ್ಯಾ ಅಂತ. ಲೋಡಿನ ಲೆಕ್ಕ ಸುಲಭ, ಟೊಮೇಟೋ ಬಾಕ್ಸಿಗೆ 15 ಕೆಜಿ ಅಂದ್ರೂ 100 ಬಾಕ್ಸಿಗೆ 1500 ಕೆಜಿ, ಖಾಲಿ ಕ್ರೇಟಿನ ತೂಕ ಬೇರೆ. ಆರ್‌ಸಿ ತೆಗ್ದು ನಿಮ್ಮ ಗಾಡಿಗೆ ಎಷ್ಟು ಪಾಸಿಂಗ್ ಅಂತ ನೋಡ್ಕೊಂಡು ಆಮೇಲೆ ತುಂಬ್ಸಿ, ರೇಟ್ ಚೆನ್ನಾಗಿರೋ ದಿನ ಮೇಲೆ ಇನ್ನೊಂದು ಸಾಲು ಹಾಕಣ ಅನ್ನಿಸೋದು ಸಹಜ, ಆದ್ರೆ ಹಳೇ ಪ್ಲೇಟು, ಹಳೇ ಟೈರು, ಹಳೇ ಬ್ರೇಕು ಮೂರಕ್ಕೂ ಅದು ತಡೆಯಲ್ಲ. ಫುಲ್ ಲೋಡಲ್ಲಿ ಏರು ಹತ್ತಿ ಬಂದ ತಕ್ಷಣ ಕೀ ಆಫ್ ಮಾಡ್ಬೇಡಿ, ಒಂದೆರಡು ನಿಮಿಷ ಸ್ಲೋನಲ್ಲಿ ಬಿಡಿ, ಟರ್ಬೋಗೆ ಆಯಿಲ್ ಹರೀತಾ ತಣ್ಣಗಾಗ್ಲಿ.

ಎಂಟು ವರ್ಷ ದಾಟಿದ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಮಾಡಿಸ್ಬೇಕು, ಅದಕ್ಕೆ ನಾನು ಈ ಟ್ಯೂನಪ್ ಕೆಲಸನ ಎಫ್‌ಸಿಗೆ ಒಂದು ತಿಂಗಳು ಮುಂಚೆ ಇಟ್ಕೊಳ್ತೀನಿ, ಬ್ರೇಕು, ಲೈಟು, ಹೊಗೆ ಎಲ್ಲಾ ಒಟ್ಟಿಗೆ ಮುಗಿಯುತ್ತೆ, ಮಾವಿನ ಸೀಸನ್ ಶುರುವಾಗೋ ಹೊತ್ತಿಗೆ ಗಾಡಿ ಗ್ಯಾರೇಜಲ್ಲಿ ನಿಲ್ಲಲ್ಲ. ಈ ಸಲ ಉಳಿದಿರೋದು ಮುಂದಿನ ವೀಲ್ ಬೇರಿಂಗು ಮತ್ತೆ ಸ್ಟೇರಿಂಗ್ ಪ್ಲೇ (ಚಕ್ರ ತಿರುಗೋಕೆ ಮುಂಚೆ ಸ್ಟೇರಿಂಗ್ ಸುಮ್ನೆ ಆಡೋದು), ಅದನ್ನ ಬಿಚ್ಚಿಸಿದಾಗ ಫೋಟೋ ತೆಗ್ದು ಹಾಕ್ತೀನಿ, ಬೊಲೆರೋ ಇಟ್ಕೊಂಡಿರೋರು ಸ್ಟೇರಿಂಗ್ ಪ್ಲೇ ಎಷ್ಟು ಬಿಟ್ಟಿದೀರಾ ಅಂತ ಹೇಳಿ.