ಪೊಟಾಲದ ಪುಟ್ಟ ದೊರೆ

ಸಿರ್ಸಿಯಿಂದ ಹುಬ್ಬಳ್ಳಿ ದಾರಿಯಲ್ಲಿ ಮುಂಡಗೋಡ. ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ದಲೈ ಲಾಮಾ ಅವರ ನಗುಮುಖದ ಫೋಟೊ ಕಂಡಾಗಲೆಲ್ಲ ಅವರ ಬಾಲ್ಯ ನೆನಪಾಗಿ ಸಂಕಟವಾಗುತ್ತದೆ.

1935ರಲ್ಲಿ ರೈತರ ಮನೆಯಲ್ಲಿ ಹುಟ್ಟಿದ ಮಗುವನ್ನು ಹಿಂದಿನ ದಲೈ ಲಾಮಾ ಅವರ ಮರುಹುಟ್ಟೆಂದು ಗುರುತಿಸಿ, 1940ರ ಫೆಬ್ರುವರಿಯಲ್ಲಿ, ಐದು ತುಂಬುವ ಮೊದಲೇ, ಟಿಬೆಟ್ಟಿನ ರಾಜಧಾನಿ ಲಾಸಾದ ಸಿಂಹಾಸನದಲ್ಲಿ ಕೂರಿಸಿದರು. ಚಳಿಗಾಲವೆಲ್ಲ ಪೊಟಾಲ ಅರಮನೆ. ಮಲಗುವ ಕೋಣೆಯಲ್ಲಿ ಮಬ್ಬುಗತ್ತಲು, ಕೊರೆಯುವ ಚಳಿ, ಪರದೆಗಳ ತುಂಬ ಹಳೇ ಧೂಳು. ರಾತ್ರಿ ದೇವರ ನೈವೇದ್ಯ ತಿನ್ನಲು ಇಲಿಗಳು ಬರುತ್ತಿದ್ದವು. ಬೆಳಗ್ಗೆ ಆರಕ್ಕೆ ಏಳಬೇಕು. ಒಂದು ತಾಸು ಪ್ರಾರ್ಥನೆ, ಆಮೇಲೆ ಚಹಾ, ಹುರಿದ ಬಾರ್ಲಿ ಹಿಟ್ಟಿನ ತ್ಸಾಂಪಾ. ಮುಂದೆ ಅಕ್ಷರ ತಿದ್ದುವುದು, ಗ್ರಂಥ ಬಾಯಿಪಾಠ ಮಾಡಿ ಗುರುಗಳಿಗೆ ಒಪ್ಪಿಸುವುದು. ಅಪ್ಪ ಅಮ್ಮ ಅದೇ ಊರಲ್ಲಿದ್ದರೂ ಮನೆ ಬೇರೆ. ನನಗೆ ಎಲ್ಲಕ್ಕಿಂತ ಕಠಿಣ ಅನಿಸುವುದು ಇದೇ. ಜೊತೆಗಿದ್ದ ಅಣ್ಣನನ್ನೂ ಓದಲು ಬೇರೆಡೆ ಕಳಿಸಿದ ಮೇಲೆ ಆಟಕ್ಕೆ ಉಳಿದವರು ಕಸ ಗುಡಿಸುವ ಆಳುಗಳು. ಹೊರಲೋಕವೆಂದರೆ ದೂರದರ್ಶಕದಲ್ಲಿ ಕಂಡಷ್ಟೇ. ಕೆಳಗಿನ ಜೈಲಿನ ಕೈದಿಗಳು ಇವರು ನೋಡುತ್ತಿದ್ದಾರೆಂದು ತಿಳಿದರೆ ಅಡ್ಡಬೀಳುತ್ತಿದ್ದರಂತೆ. ಗಡಿಯಾರ ಬಿಚ್ಚಿ ಜೋಡಿಸುವ ಹುಚ್ಚು ಹತ್ತಿದ್ದೂ ಆಗಲೇ.

1950ರ ನವೆಂಬರಿನಲ್ಲಿ ಹದಿನೈದರ ಹುಡುಗನಿಗೆ ಪೂರ್ಣ ಆಡಳಿತ ವಹಿಸಿದರು. ಅಷ್ಟೊತ್ತಿಗೆ ಚೀನಾದ ಸೈನ್ಯ ಒಳಗೆ ಬಂದಾಗಿತ್ತು.